ಪ್ಲಂಬರ್, ಬಡಗಿಯ ಶ್ರದ್ಧಾಂಜಲಿಯಲ್ಲಿ ‘ಲಾಡ್ಜ್’ ಯಾಕೆ ಬರುತ್ತದೆ?

ನೀವು ಕೇಳಿದ್ದು ಇದು: ಅಮೆರಿಕದ ಸಣ್ಣ ಊರುಗಳ ಪತ್ರಿಕೆಯಲ್ಲಿ ಪ್ಲಂಬರ್, ಬಡಗಿ, ಎಲೆಕ್ಟ್ರಿಷಿಯನ್ ತೀರಿಕೊಂಡಾಗ ಒಂದು ಬರಹ ಬರುತ್ತದೆ. ಅದರಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳ ಹೆಸರಿನ ಜೊತೆಗೇ ‘ಇಂಥ ಲಾಡ್ಜಿನಲ್ಲಿ ಐವತ್ತು ವರ್ಷ ಸದಸ್ಯ’ ಅಂತ ಇರುತ್ತದೆ. ಹಗಲೆಲ್ಲ ಮೈಮುರಿದು ದುಡಿಯುವವನು ಸಂಜೆಯೂ ಸಂಘ ಅಂತ ಹೋದರೆ ಮನೆಯನ್ನು ಯಾವಾಗ ನೋಡುತ್ತಿದ್ದ?

ಬಹಳ ಕಾಲ ಅವನು ಸಂಘಕ್ಕೆ ಹೋಗುತ್ತಿದ್ದದ್ದೇ ಮನೆಗಾಗಿ. ಇದು ನನ್ನ ಉತ್ತರ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಲ್ಲಿ ಲಾಡ್ಜ್ ಅಂದರೆ ಸಂಘದ ಸ್ಥಳೀಯ ಶಾಖೆ. ಫ್ರೀಮೇಸನ್, ಆಡ್ ಫೆಲೋಸ್, ಎಲ್ಕ್ಸ್, ಮೂಸ್ ಹೀಗೆ ಹತ್ತಾರು ಸಂಘಗಳಿವೆ. ಸದಸ್ಯರು ಒಬ್ಬರನ್ನೊಬ್ಬರು ‘ಬ್ರದರ್’ ಎಂದು ಕರೆಯುತ್ತಾರೆ.

ಹತ್ತೊಂಬತ್ತನೇ ಶತಮಾನದ ಒಬ್ಬ ಗಾರೆ ಕೆಲಸದವನನ್ನು ನೆನೆಸಿಕೊಳ್ಳಿ. ಸಾರುವೆಯಿಂದ ಬಿದ್ದು ಕಾಲು ಮುರಿದರೆ ಅವತ್ತಿಗೇ ಕೂಲಿ ನಿಂತಿತು. ಪರಿಹಾರ ಇಲ್ಲ, ಪಿಂಚಣಿ ಇಲ್ಲ. ಗಾಯಗೊಂಡ ಕೆಲಸಗಾರರಿಗೆ ಪರಿಹಾರ ಕೊಡುವ ಕಾನೂನುಗಳು ಅಮೆರಿಕದ ರಾಜ್ಯಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1911ರಿಂದ ಈಚೆಗೆ. ಸಾಮಾಜಿಕ ಭದ್ರತೆಯ ಕಾಯ್ದೆ ಬಂದದ್ದು 1935ರಲ್ಲಿ. ಅಲ್ಲಿಯವರೆಗೆ ಅವನ ಹೆಂಡತಿ ಮಕ್ಕಳಿಗೆ ದಿಕ್ಕು ಯಾರು? ನೆಂಟರು, ಚರ್ಚು, ಇಲ್ಲವೇ ಲಾಡ್ಜು.

ಇವನ್ನು ಕಟ್ಟಿದವರಲ್ಲಿ ಕೈಕೆಲಸದವರೇ ಜಾಸ್ತಿ ಕಣ್ಣಿಗೆ ಬೀಳುತ್ತಾರೆ. ಅಮೆರಿಕದ ಆಡ್ ಫೆಲೋಸ್ ಶುರುಮಾಡಿದ ಥಾಮಸ್ ವೈಲ್ಡಿ ಕುದುರೆ ಗಾಡಿಗೆ ಸ್ಪ್ರಿಂಗ್ ಮಾಡುತ್ತಿದ್ದವನು. ಲಂಡನ್ನಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. 1819ರಲ್ಲಿ ಬಾಲ್ಟಿಮೋರಿನ ಒಂದು ಹೆಂಡದಂಗಡಿಯಲ್ಲಿ ಅವನೂ ಇನ್ನು ನಾಲ್ವರೂ ಸೇರಿ ಮೊದಲ ಲಾಡ್ಜ್ ತೆರೆದರು. ಸದಸ್ಯರಿಗೆ ಇದ್ದ ಕೆಲಸ ನಾಲ್ಕು: ಕಾಯಿಲೆಯವರನ್ನು ಹೋಗಿ ನೋಡುವುದು, ಕಷ್ಟದಲ್ಲಿದ್ದವರಿಗೆ ನೆರವಾಗುವುದು, ಸತ್ತವರನ್ನು ಮಣ್ಣು ಮಾಡುವುದು, ಅನಾಥ ಮಕ್ಕಳನ್ನು ಓದಿಸುವುದು. ಅನಾಥನಾಗಿ ಬೆಳೆದವನು ಕಟ್ಟಿದ ಸಂಘದಲ್ಲಿ ಆ ನಾಲ್ಕನೆಯದು ಇರುವುದು ನನಗೆ ಆಕಸ್ಮಿಕ ಅನಿಸುವುದಿಲ್ಲ.

ಹೋಗಿ ನೋಡುವುದು ಅಂದರೆ ಸುಮ್ನೆ ಹಣ್ಣು ಕೊಟ್ಟು ಬರುವುದಲ್ಲ. ಸದಸ್ಯರು ಸರದಿಯಲ್ಲಿ ರಾತ್ರಿಯೆಲ್ಲ ರೋಗಿಯ ಪಕ್ಕ ಕೂರುತ್ತಿದ್ದರು. ಹೆಂಡತಿ ಒಂದು ನಿದ್ದೆ ತೆಗೆಯಲಿ ಅಂತ. ದುಡಿಯಲಾಗದ ವಾರಗಳಿಗೆ ಸಂಘ ಒಂದಿಷ್ಟು ಹಣ ಕೊಡುತ್ತಿತ್ತು. ಭೇಟಿಗೆ ಬಂದವರು, ಇವನಿಗೆ ನಿಜಕ್ಕೂ ಕಾಯಿಲೆಯೋ ನಾಟಕವೋ ಅಂತಲೂ ನೋಡಿಕೊಂಡು ಹೋಗುತ್ತಿದ್ದರು ಅನ್ನಿ!

ಸತ್ತ ಮೇಲಿನ ಹಣದ ಲೆಕ್ಕ ಇನ್ನೂ ಸ್ವಾರಸ್ಯ. 1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್‌ನಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಮೆಕ್ಯಾನಿಕ್ ಒಂದು ಕಾರ್ಮಿಕರ ಸಂಘ ಕಟ್ಟಿದ. ಒಬ್ಬ ಸದಸ್ಯ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕಬೇಕು, ಆ ಹಣ ಅವನ ಮನೆಗೆ. ಇದು ಎಷ್ಟು ಸರಳ ಎಂದರೆ ಲೆಕ್ಕ ಬಾರದವನಿಗೂ ಅರ್ಥವಾಗುತ್ತಿತ್ತು. ಅದಕ್ಕೇ ಬೇರೆ ಸಂಘಗಳೂ ಇದನ್ನು ಬೇಗ ಹಿಡಿದುಕೊಂಡವು. ಆದರೆ ಇದರಲ್ಲೊಂದು ತೂತು ಇತ್ತು. ಇಪ್ಪತ್ತೈದರವನೂ ಅರವತ್ತರವನೂ ಒಂದೇ ಮೊತ್ತ ಕೊಡುತ್ತಿದ್ದರು. ಸದಸ್ಯರಿಗೆ ವಯಸ್ಸಾದಂತೆ ಸಾವು ಹೆಚ್ಚಿತು, ಡಾಲರ್ ಕೇಳುವ ಚೀಟಿ ಪದೇಪದೇ ಬಂತು. ಹರೆಯದವರು ಜಾಗ ಖಾಲಿ ಮಾಡಿದರು. ಕೊನೆಗೆ ವಯಸ್ಸಿಗೆ ತಕ್ಕ ಕಂತು, ಕೈಯಲ್ಲೊಂದು ಮೀಸಲು ನಿಧಿ ಅಂತ ಬದಲಿಸಿಕೊಂಡ ಸಂಘಗಳು ಉಳಿದವು. 1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಮೈಕಲ್ ಮೆಕ್‌ಗಿವ್ನಿ ಎಂಬ ಪಾದ್ರಿ ಶುರುಮಾಡಿದ ನೈಟ್ಸ್ ಆಫ್ ಕೊಲಂಬಸ್ ಅಂಥದ್ದು. ಅವರ ತಂದೆ ಲೋಹದ ಎರಕ ಹೊಯ್ಯುವ ಕೆಲಸಗಾರ. ತಂದೆ ಸತ್ತಾಗ ಮನೆ ಪಟ್ಟ ಪಾಡನ್ನು ಇವರು ಕಣ್ಣಾರೆ ಕಂಡಿದ್ದರು. ಆ ಸಂಘ ಇವತ್ತಿಗೂ ಜೀವವಿಮೆ ನಡೆಸುತ್ತಿದೆ.

ಇನ್ನು ಸಮಯದ ವಿಷಯ. ಫ್ರೀಮೇಸನ್‌ರಲ್ಲಿ ಹೊಸದಾಗಿ ಸೇರಿದವನಿಗೆ 24 ಇಂಚಿನ ಅಳತೆಗೋಲು ತೋರಿಸಿ ಪಾಠ ಹೇಳುತ್ತಾರೆ. ಅವರ ಆಚರಣೆಯೆಲ್ಲ ಕಲ್ಲುಕುಟಿಗರ ಕಸುಬಿನಿಂದ ಬಂದದ್ದು. ಮೂಲೆಮಟ್ಟ, ಕೈವಾರ, ತೂಗುಗುಂಡು ಎಲ್ಲಕ್ಕೂ ಒಂದೊಂದು ಪಾಠ ಇದೆ. ಅಳತೆಗೋಲಿನ ಪಾಠ ಹೀಗೆ: ದಿನಕ್ಕೆ 24 ಗಂಟೆ. ಎಂಟು ದೇವರಿಗೂ ಕಷ್ಟದಲ್ಲಿರುವ ಸಹೋದರನಿಗೂ, ಎಂಟು ಕಸುಬಿಗೆ, ಎಂಟು ವಿಶ್ರಾಂತಿಗೆ ಮತ್ತು ನಿದ್ದೆಗೆ. ಇದರಲ್ಲಿ ಹೆಂಡತಿ ಮಕ್ಕಳ ಪಾಲು ಎಲ್ಲಿ ಅಂತ ನಾನೂ ಹುಡುಕಿದೆ. ವಿಶ್ರಾಂತಿಯ ಎಂಟರಲ್ಲೇ ಅವರು ಹೊಂದಿಕೊಳ್ಳಬೇಕಿತ್ತೋ ಏನೋ. ಆದರೆ ಅದೇ ದಿನ ಇನ್ನೊಂದು ಮಾತನ್ನೂ ಹೇಳುತ್ತಾರೆ: ಸಭೆಗೆ ತಪ್ಪದೆ ಬಾ, ಆದರೆ ಅದಕ್ಕಾಗಿ ನಿನ್ನ ಕಸುಬನ್ನು ಕೆಡಿಸಿಕೊಳ್ಳಬೇಡ. ಕಸುಬು ಕೆಟ್ಟರೆ ಮನೆ ಕೆಡುತ್ತದೆ ಅನ್ನುವುದು ಅವರಿಗೂ ಗೊತ್ತಿತ್ತು.

ನಾನು ಪೆನ್ಸಿಲ್ವೇನಿಯಾದಲ್ಲಿ ಕೆಲವು ವರ್ಷ ಇದ್ದೆ. ಪಕ್ಕದ ಮನೆಯ ಹಿರಿಯರು ನಿವೃತ್ತ ಎಲೆಕ್ಟ್ರಿಷಿಯನ್, ಫ್ರೀಮೇಸನ್, ಜೊತೆಗೆ ಶ್ರೈನರ್. ಶ್ರೈನರ್‌ಗಳು ಮೇಸನ್‌ರೊಳಗಿನದೇ ಇನ್ನೊಂದು ಬಳಗ. ಮಕ್ಕಳಿಗಾಗಿ ಆಸ್ಪತ್ರೆ ನಡೆಸುತ್ತಾರೆ. ಮೊದಲನೆಯದು 1922ರಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಶುರುವಾಯಿತು. ಆಗ ಪೋಲಿಯೋ ಕಾಲ. ದುಡ್ಡಿಲ್ಲ ಅಂತ ಮಗುವನ್ನು ವಾಪಸ್ ಕಳಿಸುವುದಿಲ್ಲ. ಈ ಹಿರಿಯರ ಪಾಲಿನ ಸೇವೆ ಏನು ಗೊತ್ತಾ? ಡ್ರೈವಿಂಗ್. ದೂರದ ಊರಿನ ಮಗು ಮತ್ತು ತಾಯಿಯನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಸಂಜೆ ಮನೆಗೆ ಬಿಟ್ಟು ಬರುವುದು. ಲಾಡ್ಜಿನ ಗುಟ್ಟಿನ ಆಚರಣೆ ಬಗ್ಗೆ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಆ ಹಳೇ ವ್ಯಾನಿನ ಹೀಟರ್ ಬಗ್ಗೆ ಕೇಳಿದರೆ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅವರ ಹೆಂಡತಿಗೆ ಇದರಲ್ಲಿ ಮುನಿಸು ಇತ್ತಾ? ಸ್ವಲ್ಪ ಇತ್ತು. ‘ನಮ್ಮನೆ ಅಡುಗೆಮನೆಯ ಸ್ವಿಚ್ ಮಾತ್ರ ಎರಡು ವರ್ಷದಿಂದ ಹಾಗೇ ಇದೆ’ ಅಂತ ಆಕೆ ನನ್ನೆದುರೇ ಹೇಳಿದ್ದರು.

ಹೊಗಳಿಕೆ ಒಂದೇ ಹೇಳಿದರೆ ತಪ್ಪಾಗುತ್ತದೆ. ಈ ‘ಸಹೋದರರು’ ಬಹುಕಾಲ ಬಿಳಿಯ ಗಂಡಸರನ್ನಷ್ಟೇ ಸೇರಿಸಿಕೊಂಡರು. ಬಾಸ್ಟನ್ನಿನಲ್ಲಿ ಚರ್ಮದ ಕೆಲಸ ಮಾಡುತ್ತಿದ್ದ ಪ್ರಿನ್ಸ್ ಹಾಲ್ ಎಂಬ ಕಪ್ಪು ಮನುಷ್ಯ 1775ರಲ್ಲಿ ಬ್ರಿಟಿಷ್ ಸೈನಿಕರ ಲಾಡ್ಜಿನ ಮೂಲಕ ಮೇಸನ್ ಆದ. ತನ್ನದೇ ಲಾಡ್ಜಿಗೆ ಪೂರ್ತಿ ಮಾನ್ಯತೆ ಬೇಕಾದಾಗ ಇಂಗ್ಲೆಂಡಿಗೇ ಬರೆಯಬೇಕಾಯಿತು. ಅದು ಮಂಜೂರಾದದ್ದು 1784ರಲ್ಲಿ. ಅವನ ಹೆಸರಿನ ಲಾಡ್ಜುಗಳು ಇಂದಿಗೂ ಇವೆ. ಹೆಂಗಸರ ವಿಷಯದಲ್ಲಿ ಆಡ್ ಫೆಲೋಸ್ ಸ್ವಲ್ಪ ಮುಂದೆ. 1851ರಲ್ಲೇ ರೆಬೆಕಾ ಎಂಬ ಪದವಿ ತಂದು ಹೆಂಡತಿಯರಿಗೂ ಬಾಗಿಲು ತೆರೆದರು.

ಈಗ ನೀವು ಇಂಥ ಬರಹಗಳನ್ನೇ ಇಷ್ಟೊಂದು ಯಾಕೆ ನೋಡುತ್ತೀರಿ? ಅಮೆರಿಕದ ಮೇಸನ್‌ರ ಸಂಖ್ಯೆ ತುದಿ ಮುಟ್ಟಿದ್ದು 1959ರಲ್ಲಿ, ಸುಮಾರು 41 ಲಕ್ಷ. ಈಗ ಹತ್ತು ಲಕ್ಷಕ್ಕಿಂತ ಕಡಿಮೆ. 1935ರ ಕಾಯ್ದೆ ಬಂದ ಎಷ್ಟೋ ವರ್ಷಗಳ ನಂತರ ಆ ತುದಿ ಬಂತು ನೋಡಿ. ಅಂದರೆ ಹಣದ ಅಗತ್ಯ ಕಡಿಮೆಯಾದ ಮೇಲೂ ಜನ ಬಂದರು. ಯುದ್ಧ ಮುಗಿಸಿ ಊರಿಗೆ ಮರಳಿದವರಿಗೆ ಜೊತೆಗಾರರು ಬೇಕಿತ್ತು ಅಂತ ನನ್ನ ಅಂದಾಜು. ಐವತ್ತು, ಅರವತ್ತರ ದಶಕದಲ್ಲಿ ಹಾಗೆ ಸೇರಿದವರು ಇತ್ತೀಚಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ. ಅದಕ್ಕೇ ‘ಐವತ್ತು ವರ್ಷ’ ಅನ್ನುವ ಸಾಲು ಅಷ್ಟು ಸಲ ಕಾಣುತ್ತದೆ. ಅಂಥ ಬರಹದ ಕೊನೆಯಲ್ಲಿ ‘ಹೂವಿನ ಬದಲು ಇಂಥ ಕಡೆಗೆ ದೇಣಿಗೆ ಕೊಡಿ’ ಅಂತ ಇದ್ದರೆ ಅದನ್ನೂ ಓದಿ. ಅವನ ಸಂಜೆಗಳು ಎಲ್ಲಿ ಹೋದವು ಅನ್ನುವುದು ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ.