ಕ್ಯಾಮೆರಾ ಹಿತ್ತಲಲ್ಲಿ, ಕ್ಲಿಕ್ ಅಡುಗೆಮನೆಯಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು: ತಂತಿ ಇಲ್ಲದೆ ಕಂಪ್ಯೂಟರಿನಿಂದ ಕ್ಯಾಮೆರಾ ನಡೆಸುವುದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಹತ್ತಿರ ಕ್ಯಾನನ್ 200ಡಿ ಇದೆ. ಹಿತ್ತಲಲ್ಲಿ ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತೇವೆ. ಹತ್ತಿರ ಹೋದರೆ ಹಾರಿಹೋಗುತ್ತವೆ. ಕ್ಯಾಮೆರಾನ ಅಲ್ಲೇ ಟ್ರೈಪಾಡ್ ಮೇಲಿಟ್ಟು, 15 ಮೀಟರ್ ದೂರದ ಅಡುಗೆಮನೆಯಿಂದ ಲ್ಯಾಪ್‌ಟಾಪಿನಲ್ಲಿ ನೋಡುತ್ತಾ ಫೋಟೋ ತೆಗೆಯಬಹುದಾ? ತಂತಿ ಎಳೆಯುವ ಹಾಗಿಲ್ಲ, ಅಂಗಳದಲ್ಲಿ ನಾಯಿ ಓಡಾಡುತ್ತದೆ.
– ಶಾಲಾ ಶಿಕ್ಷಕರು, ಸಾಗರ

ಉತ್ತರ: ಧಾರಾಳವಾಗಿ ತೆಗೆಯಬಹುದು ಮೇಷ್ಟ್ರೇ. ನಿಮ್ಮ ಕ್ಯಾಮೆರಾ ಈ ಕೆಲಸಕ್ಕೆ ಆಗುತ್ತದೆ. ಎಲ್ಲ ವೈಫೈ ಕ್ಯಾಮೆರಾಗಳೂ ಆಗುವುದಿಲ್ಲ, ಜನ ಮೋಸ ಹೋಗುವುದು ಇಲ್ಲೇ. ಡಬ್ಬದ ಮೇಲೆ ವೈಫೈ ಗುರುತು ಇದ್ದ ಮಾತ್ರಕ್ಕೆ ಕಂಪ್ಯೂಟರ್ ಜೊತೆ ಮಾತಾಡುತ್ತದೆ ಅಂತಲ್ಲ, ಕೆಲವು ಕ್ಯಾಮೆರಾಗಳ ವೈಫೈ ಮೊಬೈಲಿಗೆ ಮಾತ್ರ. ಕ್ಯಾನನ್ ಆದರೆ ವೈಫೈ ಮೆನು ತೆರೆದು ನೋಡಿ. ‘ರಿಮೋಟ್ ಕಂಟ್ರೋಲ್’ ಅಂತ ಇದ್ದು ಪಕ್ಕದಲ್ಲಿ ‘ಇಒಎಸ್ ಯುಟಿಲಿಟಿ’ ಅಂತ ಕಂಡರೆ ಆಯಿತು. ಇಲ್ಲದಿದ್ದರೆ ಆ ದಾರಿ ಇಲ್ಲ, ಸುಮ್ನೆ ಸಂಜೆಯೆಲ್ಲ ಹುಡುಕಬೇಡಿ.

ಇಒಎಸ್ ಯುಟಿಲಿಟಿ ಕ್ಯಾನನ್‌ನವರದೇ ತಂತ್ರಾಂಶ, ಉಚಿತ. ಇಳಿಸಿಕೊಳ್ಳುವಾಗ ಕೆಲವು ಸಲ ಕ್ಯಾಮೆರಾದ ಸೀರಿಯಲ್ ನಂಬರ್ ಕೇಳುತ್ತದೆ, ಅದು ಕ್ಯಾಮೆರಾದ ಅಡಿಯಲ್ಲಿರುತ್ತದೆ. ಟ್ರೈಪಾಡಿಗೆ ಕೂರಿಸುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ಜೋಡಿಸಲು ಎರಡು ದಾರಿ ಇವೆ. ಒಂದು, ಕ್ಯಾಮೆರಾನೇ ಪುಟ್ಟ ವೈಫೈ ಹುಟ್ಟಿಸುತ್ತದೆ, ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಳ್ಳುತ್ತದೆ. ಸುಲಭ, ಆದರೆ ಅಷ್ಟು ಹೊತ್ತು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇರುವುದಿಲ್ಲ, ಮತ್ತೆ ಕ್ಯಾಮೆರಾದೊಳಗಿನ ಆಂಟೆನಾ ಎಷ್ಟು ಚಿಕ್ಕದು ಅಂದರೆ ನಿಮ್ಮ ಕಡೆಯ ಜಂಬಿಟ್ಟಿಗೆ ಕಲ್ಲಿನ ಗೋಡೆ ಅಡ್ಡ ಬಂತು ಅಂದರೆ 15 ಮೀಟರಿಗೇ ಏದುಸಿರು ಬಿಡುತ್ತದೆ. ಇನ್ನೊಂದು, ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಮನೆಯ ರೂಟರಿಗೆ ಸೇರಿಸುವುದು. ರೂಟರನ್ನು ಹಿತ್ತಲ ಕಿಟಕಿಯ ಹತ್ತಿರ ತಂದಿಡಿ. ನಾನಾದರೆ ಇದನ್ನೇ ಮಾಡುತ್ತೇನೆ. 200ಡಿಗೆ ವೈಫೈಯ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಗೊತ್ತು, ರೂಟರಿನಲ್ಲಿ ಅದು ಚಾಲೂ ಇರಲಿ.

ಕ್ಯಾಮೆರಾದಲ್ಲಿ ‘ಇಒಎಸ್ ಯುಟಿಲಿಟಿ’ ಆರಿಸಿ, ಹೊಸ ಸಾಧನ ಸೇರಿಸಲು ಹೇಳಿ, ನಿಮ್ಮ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಆಮೇಲೆ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶ ತೆರೆದು ವೈಫೈ ಪೇರಿಂಗ್ ಒತ್ತಿದರೆ ಕ್ಯಾಮೆರಾದ ಹೆಸರು ಕಾಣಬೇಕು. ಕಾಣಲಿಲ್ಲ ಅಂದರೆ ಹತ್ತರಲ್ಲಿ ಎಂಟು ಸಲ ಅಪರಾಧಿ ವಿಂಡೋಸ್ ಫೈರ್‌ವಾಲ್. ನಿಮ್ಮ ಮನೆಯ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಅಂತ ಗುರುತು ಹಾಕಿಕೊಂಡಿದ್ದರೆ ಕ್ಯಾಮೆರಾ ಬಾಗಿಲು ತಟ್ಟಿದರೂ ಒಳಗೆ ಬಿಡುವುದಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ‘ಪ್ರೈವೇಟ್’ ಮಾಡಿ. (ಕುತೂಹಲ ಇರುವವರಿಗೆ: ಕ್ಯಾಮೆರಾ ಮತ್ತು ಕಂಪ್ಯೂಟರ್ ಮಾತಾಡುವ ಭಾಷೆಗೆ ಪಿಟಿಪಿ ಅಂತ ಹೆಸರು. ಅದರ ಅಂತರರಾಷ್ಟ್ರೀಯ ಮಾನದಂಡದ (ಐಎಸ್‌ಒ) ಸಂಖ್ಯೆ 15740. ನೆಟ್‌ವರ್ಕ್ ಮೇಲೆ ಅದು ಬಳಸುವ ಪೋರ್ಟ್, ಅಂದರೆ ಬಾಗಿಲಿನ ಸಂಖ್ಯೆಯೂ 15740. ಯಾರೋ ನೆನಪಿಟ್ಟುಕೊಳ್ಳಲು ಸುಲಭವಾಗಲಿ ಅಂತ ಯೋಚಿಸಿ ಮಾಡಿದ್ದಾರೋ ಏನೋ.)

ಜೋಡಣೆ ಆದ ಮೇಲೆ ಲೈವ್ ವ್ಯೂ ತೆರೆದರೆ ನೀರಿನ ತಟ್ಟೆ ಪರದೆ ತುಂಬ ಕಾಣುತ್ತದೆ. ಶಟರ್ ವೇಗ, ಐಎಸ್‌ಒ (ಬೆಳಕಿನ ಸೂಕ್ಷ್ಮತೆ), ಅಪರ್ಚರ್ ಎಲ್ಲ ಮೌಸಿನಲ್ಲೇ ಬದಲಾಯಿಸಬಹುದು. ಚಿತ್ರ ಒಂದು ಗಳಿಗೆ ತಡವಾಗಿ ಬರುತ್ತದೆ ಅನ್ನುವುದು ನೆನಪಿರಲಿ. ಹಕ್ಕಿ ರೆಕ್ಕೆ ಬಿಚ್ಚಿದ್ದು ಕಂಡು ಒತ್ತಿದರೆ ಖಾಲಿ ತಟ್ಟೆ ಸಿಗುತ್ತದೆ, ಅದಕ್ಕೆ ಅದು ತಟ್ಟೆಯ ಅಂಚಿಗೆ ಬಂದು ಕೂತಾಗಲೇ ಶುರು ಮಾಡಿ.

ಈಗ ನನ್ನ ಪೆದ್ದುತನ ಒಂದು ಹೇಳುತ್ತೇನೆ. ಮೊದಲ ಸಲ ಹೀಗೆ ಎಲ್ಲ ಜೋಡಿಸಿ ಕಾಫಿ ಲೋಟ ಹಿಡಿದು ಕೂತಿದ್ದೆ. ಮುಕ್ಕಾಲು ಗಂಟೆ ಹರಟೆಮಲ್ಲಗಳದೇ ಗಲಾಟೆ. ಅವು ಹೋದವು, ಕೆಂಪು ಕಿಬ್ಬೊಟ್ಟೆಯ ಪಿಕಳಾರ ಬಂದು ನೀರಿಗಿಳಿದು ಮೈ ಒದರಿತು, ನಾನು ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ವೈಫೈ ಸರಿಯಾಗೇ ಇತ್ತು. ತಟ್ಟೆಯ ಮುಂದಿದ್ದ ದಾಸವಾಳದ ಎಲೆ ಗಾಳಿಗೆ ಆಡುತ್ತಿತ್ತು, ಆಟೋಫೋಕಸ್ ಅದರ ಹಿಂದೆ ಬಿದ್ದಿತ್ತು, ಫೋಕಸ್ ಸಿಗದೆ ಶಟರ್ ಬಿಡಲ್ಲ ಅಂತ ಕ್ಯಾಮೆರಾ ಹಠ ಹಿಡಿದಿತ್ತು. ಅವತ್ತಿನಿಂದ ತಟ್ಟೆಯ ಅಂಚಿಗೆ ಒಂದು ಕಡ್ಡಿ ಇಟ್ಟು, ಅದರ ಮೇಲೆ ಫೋಕಸ್ ಮಾಡಿ, ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಿಬಿಡುತ್ತೇನೆ. ಲೈವ್ ವ್ಯೂ ಕಿಟಕಿಯ ಬಾಣದ ಗುರುತು ಒತ್ತಿ ಫೋಕಸ್ ಚೂರು ಆಚೀಚೆ ಸರಿಸಬೇಕಾದರೆ ಮಾತ್ರ ಆ ಗುಂಡಿ ಆಟೋಫೋಕಸ್‌ನಲ್ಲೇ ಇರಬೇಕು.

ಬ್ಯಾಟರಿ ವಿಷಯ. 200ಡಿಯ ಎಲ್‌ಪಿ-ಇ17 ಬ್ಯಾಟರಿ 1040 ಎಂಎಎಚ್ ಅಷ್ಟೇ. ವೈಫೈ ಮತ್ತು ಲೈವ್ ವ್ಯೂ ಎರಡೂ ಸೇರಿ ಅದನ್ನು ಬೇಗ ಖಾಲಿ ಮಾಡುತ್ತವೆ. ಹಕ್ಕಿ ಇಲ್ಲದಾಗ ಲೈವ್ ವ್ಯೂ ಮುಚ್ಚಿ, ಕಿಟಕಿಯಿಂದ ಕಣ್ಣಲ್ಲೇ ನೋಡಿ. ಆಟೋ ಪವರ್ ಆಫ್ ತೆಗೆದುಹಾಕಿ, ಇಲ್ಲದಿದ್ದರೆ ಕ್ಯಾಮೆರಾ ನಿದ್ದೆ ಹೋಗುತ್ತದೆ, ಎಬ್ಬಿಸಲು ನೀವೇ ಹಿತ್ತಲಿಗೆ ನಡೆಯಬೇಕು, ಆಮೇಲೆ ಹಕ್ಕಿ ಬರುವುದು ಇನ್ನರ್ಧ ಗಂಟೆ ಬಿಟ್ಟು.

ಪ್ರಶ್ನೆ: ನನ್ನದು ನಿಕಾನ್ ಡಿ3500. ಅದರಲ್ಲಿ ಬ್ಲೂಟೂತ್ ಇದೆ, ಲ್ಯಾಪ್‌ಟಾಪಿನಲ್ಲೂ ಇದೆ. ಆದರೂ ಎರಡೂ ಸೇರುವುದಿಲ್ಲ ಯಾಕೆ? ಕ್ಯಾಮೆರಾ ಕೆಟ್ಟಿದೆಯಾ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೆಟ್ಟಿಲ್ಲ ಮಾರಾಯ. ಡಿ3500ರಲ್ಲಿ ವೈಫೈ ಇಲ್ಲವೇ ಇಲ್ಲ. ಇರುವ ಬ್ಲೂಟೂತ್ ಮೊಬೈಲಿನ ಸ್ನ್ಯಾಪ್‌ಬ್ರಿಡ್ಜ್ ಆ್ಯಪಿಗೆ ಮಾತ್ರ, ಅದರಲ್ಲಿ 2 ಮೆಗಾಪಿಕ್ಸೆಲ್‌ನ ಚಿಕ್ಕ ಚಿತ್ರಗಳು ನಿಧಾನಕ್ಕೆ ಹರಿದು ಬರುತ್ತವೆ. ಲೈವ್ ವ್ಯೂ ಸಾಗಿಸುವಷ್ಟು ಅಗಲದ ದಾರಿ ಅದಲ್ಲ.

ಆದರೆ ಸ್ವಲ್ಪ ತಲೆ ಓಡಿಸೋಣ. ನಿನಗೆ ನಿಜವಾಗಿ ಬೇಕಾಗಿರುವುದೇನು? ನಿನಗೂ ಕ್ಯಾಮೆರಾಗೂ ನಡುವೆ ತಂತಿ ಇರಬಾರದು, ಅಷ್ಟೇ ಅಲ್ವಾ? ಕ್ಯಾಮೆರಾಗೆ ಯಾವುದೋ ಒಂದು ಕಂಪ್ಯೂಟರ್ ತಂತಿಯಲ್ಲೇ ಜೋಡಿಸಿದ್ದರೆ ಏನಂತೆ. ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪ್ ಇದ್ದರೆ ಅದನ್ನು ಟ್ರೈಪಾಡಿನ ಬುಡದಲ್ಲಿಡು, ಇಲ್ಲವೇ ಅಂಗೈಯಗಲದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದನ್ನು ತಗೋ. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿ ಜಿಫೋಟೋ2 ಅನ್ನುವ ಉಚಿತ ತಂತ್ರಾಂಶ ಇಳಿಸು. ಅದು 2,500ಕ್ಕೂ ಜಾಸ್ತಿ ಕ್ಯಾಮೆರಾ ಮಾದರಿಗಳನ್ನು ಗುರುತಿಸುತ್ತದೆ. ಕ್ಯಾಮೆರಾದಿಂದ ಪೈಗೆ ಒಂದು ಗೇಣು ಯುಎಸ್‌ಬಿ ತಂತಿ, ಪೈಯಿಂದ ನಿನ್ನ ಲ್ಯಾಪ್‌ಟಾಪಿಗೆ ವೈಫೈ. ಒಂದು ಕಂಪ್ಯೂಟರಿನ ಪರದೆಯನ್ನು ಇನ್ನೊಂದರಲ್ಲಿ ತೋರಿಸುವ ವಿಎನ್‌ಸಿ ತಂತ್ರಾಂಶದಲ್ಲಿ ಪೈಯ ಪರದೆಯನ್ನು ನಿನ್ನ ಕೋಣೆಯಲ್ಲೇ ತೆರೆದುಕೊಂಡು ಕೂತರೆ ಮುಗಿಯಿತು. ಚಳಿಯಲ್ಲಿ ತಾರಸಿಯ ಮೇಲೆ ಕೂರಲು ಒಲ್ಲದ ನಕ್ಷತ್ರದ ಫೋಟೋ ಹುಚ್ಚಿನವರು ಹೀಗೇ ಮಾಡುವುದು.

ಒಂದು ತೊಡಕು ಖಂಡಿತ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ತಂತಿ ಚುಚ್ಚಿದ ಕೂಡಲೇ ಲಿನಕ್ಸಿನ ಡೆಸ್ಕ್‌ಟಾಪ್ ತಾನಾಗೇ ಕ್ಯಾಮೆರಾನ ಪೆನ್‌ಡ್ರೈವ್ ಥರ ತೆರೆದು ಹಿಡಿದುಕೊಳ್ಳುತ್ತದೆ. ಆಗ ಜಿಫೋಟೋ2 ‘ಯುಎಸ್‌ಬಿ ನನ್ನ ಕೈಗೆ ಸಿಗುತ್ತಿಲ್ಲ’ ಅಂತ ದೂರುತ್ತದೆ. ಫೈಲ್ ಕಿಟಕಿಯಲ್ಲಿ ಕ್ಯಾಮೆರಾದ ಪಕ್ಕದ ಇಜೆಕ್ಟ್ ಗುರುತು ಒತ್ತಿ ಬಿಡಿಸು, ತಂತಿ ಮಾತ್ರ ಕೀಳಬೇಡ. ನಾನು ಇದು ಗೊತ್ತಿಲ್ಲದೆ ಎರಡು ತಂತಿ ಕೊಂಡಿದ್ದೆ.

ಪ್ರಶ್ನೆ: ಮದುವೆ ಮನೆಯಲ್ಲಿ ತೆಗೆದ ಫೋಟೋ ಕೂಡಲೇ ಟಿವಿಯಲ್ಲಿ ಬರಬೇಕು ಅಂತ ಗಿರಾಕಿಗಳು ಕೇಳುತ್ತಾರೆ. ನನ್ನ ಸೋನಿ ಎ7-4ನ್ನು ವೈಫೈಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದ್ದೇನೆ, ಆದರೆ ಒಂದೊಂದು ಫೋಟೋಗೆ ಕಾಯುವಷ್ಟರಲ್ಲಿ ಧಾರೆಯೇ ಮುಗಿದಿರುತ್ತದೆ.
– ಸ್ಟುಡಿಯೋ ಮಾಲೀಕರು, ಹುಬ್ಬಳ್ಳಿ

ಉತ್ತರ: ನೀವು ರಾ ಫೈಲನ್ನೇ (ಸಂಸ್ಕರಿಸದ ದೊಡ್ಡ ಮೂಲ ಚಿತ್ರ) ಕಳಿಸುತ್ತಿದ್ದೀರಿ ಅಂತ ಕಾಣುತ್ತದೆ. ಲೆಕ್ಕ ಹಾಕಿ. ಒಂದು ರಾ 35 ಎಂಬಿ ಅಂದುಕೊಂಡರೆ 280 ಮೆಗಾಬಿಟ್. ಜನ ತುಂಬಿದ ಛತ್ರದಲ್ಲಿ, ನೂರಾರು ಮೊಬೈಲ್ ನಡುವೆ, ನಿಮಗೆ ಸೆಕೆಂಡಿಗೆ 20 ಮೆಗಾಬಿಟ್ ಸಿಕ್ಕರೆ ಪುಣ್ಯ. 14 ಸೆಕೆಂಡ್ ಆಯಿತು, ಒಂದು ಫೋಟೋಗೆ. ರಾ ಕಾರ್ಡಿನಲ್ಲೇ ಉಳಿಯಲಿ, ಜೆಪೆಗ್ ಮಾತ್ರ ಕಂಪ್ಯೂಟರಿಗೆ ಹೋಗುವ ಹಾಗೆ ಪಿಸಿ ರಿಮೋಟ್ ಸೆಟ್ಟಿಂಗಿನಲ್ಲಿ ಬದಲಾಯಿಸಿ, ಅದೂ 2 ಮೆಗಾಪಿಕ್ಸೆಲ್ ಸೈಜ್. ಟಿವಿಗೆ ಅಷ್ಟು ಸಾಕು, ಚಿತ್ರ ಟಕ್ಕಂತ ಬರುತ್ತದೆ.

ಛತ್ರದವರ ವೈಫೈ ನಂಬಬೇಡಿ. ನಿಮ್ಮದೇ ಒಂದು ಸಣ್ಣ ರೂಟರ್ ಒಯ್ಯಿರಿ, 5 ಗಿಗಾಹರ್ಟ್ಸ್‌ನದು. ನಿಮ್ಮ ಕ್ಯಾಮೆರಾಗೆ ಅದು ಬರುತ್ತದೆ. ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ, ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ನಡುವೆ ಸೇತುವೆಯಾದರೆ ಸಾಕು. ರೂಟರನ್ನು ಮೇಜಿನ ಕೆಳಗಿಡದೆ ಎತ್ತರದಲ್ಲಿಡಿ, ಜನರ ಮೈಯೇ ಸಿಗ್ನಲ್ ನುಂಗುತ್ತದೆ. ಇನ್ನು ಟಿವಿಗೆ ಫೋಟೋ ಹಾಕುವ ಮುಂಚೆ ಒಬ್ಬರು ನೋಡಿ ಆರಿಸಲಿ ಅನ್ನುವುದು ನನ್ನ ಸಲಹೆ. ಬಾಯ್ತುಂಬ ಹೋಳಿಗೆ ಇಟ್ಟುಕೊಂಡ ಬೀಗರ ಚಿತ್ರ 55 ಇಂಚಿನಲ್ಲಿ ಬಂದರೆ ನಿಮ್ಮ ಪೇಮೆಂಟಿಗೇ ತೊಂದರೆ.

ಪ್ರಶ್ನೆ: ಕಾಲೇಜಿನಲ್ಲಿ ಹಳೆಯ ತಾಳೆಗರಿಗಳ ಫೋಟೋ ತೆಗೆಯುತ್ತಿದ್ದೇವೆ. ವೈರ್‌ಲೆಸ್ ಮಾಡೋಣ ಅಂದರೆ ಕ್ಯಾಂಪಸ್ ವೈಫೈಗೆ ಕ್ಯಾಮೆರಾ ಸೇರುವುದೇ ಇಲ್ಲ.
– ಉಪನ್ಯಾಸಕಿ, ಮೈಸೂರು

ಉತ್ತರ: ಸೇರುವುದೂ ಇಲ್ಲ ಮೇಡಂ. ಕ್ಯಾಂಪಸ್ ವೈಫೈಗಳಲ್ಲಿ ಸಾಮಾನ್ಯವಾಗಿ ಬ್ರೌಸರಿನ ಪುಟ ತೆರೆದು ಲಾಗಿನ್ ಆಗಬೇಕು, ಕ್ಯಾಮೆರಾದಲ್ಲಿ ಆ ಪುಟ ತೆರೆಯುವುದು ಹೇಗೆ? ಹೇಗೋ ಸೇರಿತು ಅಂದರೂ, ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ಅಲ್ಲಿ ತಡೆ ಹಾಕಿರುವ ಸಾಧ್ಯತೆಯೇ ಜಾಸ್ತಿ.

ನನ್ನ ಮಾತು ಕೇಳಿ, ನಿಮ್ಮ ಕೆಲಸಕ್ಕೆ ವೈರ್‌ಲೆಸ್ ಬೇಡವೇ ಬೇಡ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲ್ಲಾಡದೆ ಇರುತ್ತದೆ, ಕಂಪ್ಯೂಟರ್ ಪಕ್ಕದ ಮೇಜಿನಲ್ಲೇ ಇರುತ್ತದೆ. ಒಳ್ಳೆಯ ಯುಎಸ್‌ಬಿ ತಂತಿ ಹಾಕಿ, 5 ಮೀಟರ್ ದಾಟದ ಹಾಗೆ ನೋಡಿಕೊಳ್ಳಿ, ತಂತಿಯನ್ನು ಟೇಪಿನಿಂದ ಮೇಜಿಗೆ ಅಂಟಿಸಿ. ಬ್ಯಾಟರಿ ಬದಲು ಗೋಡೆಯ ಕರೆಂಟಿಗೆ ಜೋಡಿಸುವ ಡಮ್ಮಿ ಬ್ಯಾಟರಿ ಸಿಗುತ್ತದೆ, ಅದನ್ನೂ ತರಿಸಿ. ಪ್ರತಿ ಗರಿಯೂ ದೊಡ್ಡ ಪರದೆಯಲ್ಲಿ ಕಾಣುವುದರಿಂದ ಅಕ್ಷರ ಮಸುಕಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ಗರಿಯನ್ನು ಎರಡನೇ ಸಲ ಬಿಚ್ಚಿ ಮುಟ್ಟುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ಕಂಪ್ಯೂಟರಿನಿಂದಲೇ ಝೂಮ್ ಮಾಡಬಹುದಾ?
– ಓದುಗರು, ಕಾರವಾರ

ಉತ್ತರ: ಮಾಮೂಲಿ ಲೆನ್ಸಿನಲ್ಲಿ ಆಗುವುದಿಲ್ಲ. ಫೋಕಸ್ ತಿರುಗಿಸಲು ಲೆನ್ಸಿನೊಳಗೆ ಮೋಟರ್ ಇದೆ, ಝೂಮ್ ತಿರುಗಿಸುವುದು ನಿಮ್ಮ ಕೈ. ಪವರ್ ಝೂಮ್ ಇರುವ ಲೆನ್ಸ್ ಬೇಕು. ಕ್ಯಾನನ್‌ನವರ 18-135 ಯುಎಸ್‌ಎಂ ಲೆನ್ಸಿಗೆ ಪಿಝಡ್-ಇ1 ಅನ್ನುವ ಮೋಟರ್ ತುಂಡೊಂದನ್ನು ಕೆಳಗೆ ಸಿಕ್ಕಿಸಬಹುದು. ಅಷ್ಟು ದುಡ್ಡು ಹಾಕುವ ಬದಲು ಟ್ರೈಪಾಡನ್ನು ಎರಡು ಹೆಜ್ಜೆ ಮುಂದಿಡಿ.