ಎಲ್ಲಾ ಧರ್ಮಗಳೂ ಕೊನೆಗೆ ಒಂದೇ ಸತ್ಯಕ್ಕೆ ಹೋಗಿ ಮುಟ್ಟುತ್ತವೆಯಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಎಲ್ಲಾ ಧರ್ಮಗಳೂ ಒಂದೇ ಸತ್ಯಕ್ಕೆ ಮುಟ್ಟುತ್ತವೆಯಾ ಅನ್ನೋದು ಒಂದು. ಹಾಗಿದ್ದರೆ ಯಾವುದಾದರೊಂದನ್ನು ಹಿಡಿದರೆ ಸಾಕಲ್ವಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಇಲ್ಲ. ಆ ಧರ್ಮಗಳೇ ಹಾಗೆ ಹೇಳುವುದಿಲ್ಲ.

ನಾನು ವಿಜಯಪುರದವನು. ಇಲ್ಲಿ 'ಎಲ್ಲ ಧರ್ಮಗಳ ಸಾರ ಒಂದೇ' ಅನ್ನೋ ಮಾತು ವೇದಿಕೆಗಳ ಮೇಲೆ ಆಗಾಗ ಕೇಳಿಸುತ್ತದೆ. ಸ್ವಾಮಿಗಳು, ಮೌಲಾನಾ, ಫಾದರ್ ಸಾಲಾಗಿ ಕೂತಿರುತ್ತಾರೆ. ಶಾಲು ಹೊದಿಸುತ್ತಾರೆ, ಮೂವರೂ ಅದೇ ಮಾತು ಹೇಳುತ್ತಾರೆ, ಆಮೇಲೆ ಉಪ್ಪಿಟ್ಟು, ಚಹಾ. ಮರುದಿನ ಯಾರೂ ತಮ್ಮ ಹುಡುಗರನ್ನು ಇನ್ನೊಬ್ಬರ ಕಡೆ ಪಾಠಕ್ಕೆ ಕಳಿಸುವುದಿಲ್ಲ. ಕಳಿಸಬೇಕು ಅಂತ ನಾನೂ ಹೇಳುತ್ತಿಲ್ಲ. ಊರಲ್ಲಿ ಶಾಂತಿ ಇರಲಿ ಅಂತ ಆಡುವ ಮಾತು ಅದು, ಆಡಲಿ. ಅದು ನಿಜವಾ ಅಂತ ಕೇಳಿದರೆ ಬೇರೆ ವಿಷಯ.

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಒಂದು ಬಸ್ಸಿನ ಬೋರ್ಡು ಸೋಲಾಪುರ, ಇನ್ನೊಂದರದು ಕಲಬುರಗಿ, ಮತ್ತೊಂದರದು ಹುಬ್ಬಳ್ಳಿ. 'ದಾರಿ ಬೇರೆ, ಊರು ಒಂದೇ' ಅನ್ನೋ ಮೊದಲು ಬೋರ್ಡು ಓದಬೇಕಲ್ವಾ?

ಜೈನರಿಗೆ ಸೃಷ್ಟಿ ಮಾಡಿದ ದೇವರೇ ಇಲ್ಲ. ಜಗತ್ತು ಯಾರೂ ಮಾಡಿದ್ದಲ್ಲ. ಕರ್ಮ ಕಳೆದುಕೊಂಡ ಜೀವ ಲೋಕದ ತುದಿಗೆ ಏರಿ ಅಲ್ಲಿ ತಾನು ತಾನಾಗೇ ಇರುತ್ತದೆ, ಯಾರಲ್ಲೂ ಕರಗುವುದಿಲ್ಲ. ಬೌದ್ಧರು ಶಾಶ್ವತ ಆತ್ಮ ಅನ್ನೋದೇ ಇಲ್ಲ ಅನ್ನುತ್ತಾರೆ. ಮುಸಲ್ಮಾನರಿಗೆ ಒಂದೇ ಜನ್ಮ, ಕಯಾಮತ್ ದಿನ ಲೆಕ್ಕ ಕೊಡಬೇಕು. ಅಲ್ಲಾನಿಗೆ ಇನ್ನೊಬ್ಬರನ್ನು ಸಮ ಮಾಡಿದರೆ ಅದು ಶಿರ್ಕ್, ಎಲ್ಲಕ್ಕಿಂತ ದೊಡ್ಡ ಪಾಪ. ಕ್ರೈಸ್ತರಿಗೆ ಏಸು ಶಿಲುಬೆಯ ಮೇಲೆ ಸತ್ತು ಮೂರನೇ ದಿನ ಎದ್ದು ಬಂದದ್ದೇ ಎಲ್ಲದರ ಬುಡ. ಕುರಾನಿನ ನಾಲ್ಕನೇ ಅಧ್ಯಾಯ ಅವನನ್ನು ಕೊಲ್ಲಲಿಲ್ಲ, ಶಿಲುಬೆಗೂ ಏರಿಸಲಿಲ್ಲ ಅನ್ನುತ್ತದೆ. ಸತ್ತ, ಸಾಯಲಿಲ್ಲ. ಎರಡೂ ನಿಜ ಆಗೋಕೆ ಬರುವುದಿಲ್ಲ.

ಬೇರೆ ಬೇರೆ ಧರ್ಮ ಬಿಡಿ, ವೇದಾಂತದ ಒಳಗೇ ನೋಡಿ. ಜೀವ, ಬ್ರಹ್ಮ ಎರಡಲ್ಲ ಅಂದರು ಶಂಕರರು. ಮೋಕ್ಷ ಸಿಕ್ಕ ಮೇಲೂ ಎರಡೇ ಅಂದರು ಮಧ್ವರು. ಅವರ ಶಿಷ್ಯರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಮಧ್ಯೆ ಹೋಗಿ ನಾವು 'ಬಿಡ್ರಿ, ಎರಡೂ ಒಂದ' ಅಂದರೆ ಎರಡೂ ಕಡೆಯವರು ನಮ್ಮ ಮೇಲೇ ಬರುತ್ತಾರೆ.

ಈ ವಿಷಯಕ್ಕೆ ನಮ್ಮ ಕಡೆ ಎಲ್ಲರೂ ತೆಗೆಯುವ ಮಾತು 'ದೇವನೊಬ್ಬ ನಾಮ ಹಲವು'. ಹೇಳಿದವರು ಬಸವಣ್ಣನವರು. ಹುಟ್ಟಿದ್ದು ನಮ್ಮ ಜಿಲ್ಲೆಯ ಬಾಗೇವಾಡಿ, ಅಂಕಿತ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದ ದೇವರದು. ಗೋಡೆ ಮೇಲೆ, ಕ್ಯಾಲೆಂಡರ್ ಮೇಲೆ, ಭಾಷಣದಲ್ಲಿ ಬರುವುದು ಇಷ್ಟೇ ಮಾತು. ವಚನ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಓದಿದರೆ, ಪತಿವ್ರತೆಗೆ ಗಂಡನೊಬ್ಬ, ಮತ್ತೊಂದಕ್ಕೆ ಎರಗಿದರೆ ಕಿವಿ ಮೂಗು ಕೊಯ್ಯುತ್ತಾನೆ, ಹಲವು ದೈವದ ಎಂಜಲು ತಿನ್ನುವವರಿಗೆ ಏನನ್ನಲಿ ಅಂತ ಬರುತ್ತದೆ. 'ಎಲ್ಲಾ ನಡೆಯುತ್ತೆ' ಅನ್ನುವವರ ಮಾತಾ ಇದು? ಒಬ್ಬನನ್ನೇ ಹಿಡಿ, ಸುಮ್ನೆ ಹತ್ತು ಬಾಗಿಲು ತಿರುಗಬೇಡ ಅಂತ ಖಡಕ್ಕಾಗಿ ಹೇಳಿದ್ದು. ಅರ್ಧ ಸಾಲು ಕತ್ತರಿಸಿ ತದ್ವಿರುದ್ಧ ಅರ್ಥ ಕಟ್ಟಿದ್ದೇವೆ. ಈ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟೇ ಇದೆ, ಕ್ಷಮಿಸಿ.

ಎಲ್ಲಾ ದಾರಿ ಒಂದೇ ಕಡೆ ಅಂತ ನಿಜವಾಗಿ ನಂಬಿ ಹೇಳಿದವರೂ ಇದ್ದಾರೆ. ವಿವೇಕಾನಂದರು 1892ರ ಅಕ್ಟೋಬರ್‌ನಲ್ಲಿ ಬೆಳಗಾವಿಗೆ ಬಂದಿದ್ದರು. ಮರುವರ್ಷ ಶಿಕಾಗೋದಲ್ಲಿ, ಬೇರೆ ಬೇರೆ ಕಡೆ ಹುಟ್ಟಿದ ನದಿಗಳೆಲ್ಲ ಸಮುದ್ರ ಸೇರುತ್ತವೆ ಅನ್ನೋ ಸ್ತೋತ್ರದ ಸಾಲು ಹೇಳಿದರು. ಅವರ ಗುರು ರಾಮಕೃಷ್ಣರು ಬೇರೆ ಬೇರೆ ಮತಗಳ ಸಾಧನೆ ತಾವೇ ಮಾಡಿ ನೋಡಿದವರು. ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಅದೂ ಒಂದು ಸಿದ್ಧಾಂತವೇ, ಅದ್ವೈತದ ನೆಲದ ಮೇಲೆ ನಿಂತದ್ದು. ಅದನ್ನು ಒಪ್ಪಬೇಕಾದರೆ ಮೌಲಾನಾಗೆ 'ನಿಮ್ಮ ಧರ್ಮ ಕೊನೆಗೆ ಏನು ಹೇಳುತ್ತೆ ಅಂತ ನಿಮಗೇ ಗೊತ್ತಿಲ್ಲ, ನಮಗೆ ಗೊತ್ತು' ಅಂದಂತಾಗುತ್ತದೆ. ದೊಡ್ಡ ಮನಸ್ಸಿನ ಮಾತು ಅನ್ನಿಸಿದರೂ ಒಳಗೆ ಇಷ್ಟು ಬಿಗುಮಾನ ಇದೆ.

ಕಳಬೇಡ, ಕೊಲಬೇಡ, ಸುಳ್ಳು ಹೇಳಬೇಡ. ಇದರಲ್ಲಿ ಎಲ್ಲರದೂ ಒಂದೇ ಮಾತು, ಅದು ಸರಿ. ಆದರೆ ಅಷ್ಟು ಹೇಳಲಿಕ್ಕೆ ಧರ್ಮವೇ ಬೇಕಾಗಿಲ್ಲ.

ಒಂದೇ ಅಲ್ಲ ಅಂದರೆ ಹೊಡೆದಾಡಬೇಕಾ ಅಂತ ಕೇಳುತ್ತಾರೆ. ಯಾಕೆ? ಬಾದಾಮಿ ಗುಹೆ ನೋಡಿದ್ದೀರಾ? ಮೊದಲನೆಯದು ಶಿವನದು, ಎರಡು ಮೂರು ವಿಷ್ಣುವಿನವು (ಮೂರನೆಯದರಲ್ಲಿ 578ರ ಶಾಸನ ಇದೆ), ನಾಲ್ಕನೆಯದರಲ್ಲಿ ಜೈನರ ತೀರ್ಥಂಕರರು. ಮೊದಲನೇ ಗುಹೆಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು ಇರುವ ಹರಿಹರನನ್ನು ಕೆತ್ತಿದರು. ಆದರೆ ಮಹಾವೀರನನ್ನು ಯಾರ ಜೊತೆಗೂ ಬೆರೆಸಲಿಲ್ಲ. ಅದೇ ಗುಡ್ಡದಲ್ಲಿ ಅವನಿಗೆ ಅವನದೇ ಜಾಗ ಕೊಟ್ಟರು.

ನಮ್ಮ ಊರಿನ ಎರಡನೇ ಇಬ್ರಾಹಿಂ ಆದಿಲ್‌ಶಾಹನನ್ನೂ ಹೀಗೇ ಅರ್ಧ ಹೇಳುತ್ತಾರೆ. 1580ರಿಂದ 1627ರವರೆಗೆ ಆಳಿದವನು, ಜನ ಜಗದ್ಗುರು ಬಾದಶಹ ಅಂತ ಕರೆದರು. ಅವನ ದಖನಿ ಹಾಡುಗಳಲ್ಲಿ ಸರಸ್ವತಿ ಬರುತ್ತಾಳೆ, ಗಣಪತಿ ಬರುತ್ತಾನೆ. ಆದರೆ ಅವನು ಮಲಗಿರುವ ಇಬ್ರಾಹಿಂ ರೋಜಾಕ್ಕೆ ಹೋಗಿ ಗೋಡೆ ನೋಡಿ. ಕಲ್ಲಿನಲ್ಲಿ ಕೊರೆದದ್ದು ಕುರಾನಿನ ಸಾಲುಗಳು.

ಇನ್ನೊಂದು ನನಗೆ ಬಹಳ ಇಷ್ಟದ್ದು. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಚಕ್ಕಿನಾಮಾ ಅಂತ ಹಾಡುಗಳಿವೆ. ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಾಡಲಿ ಅಂತ ಕಟ್ಟಿದ್ದು. ಕೈಯಲ್ಲಿ ಹಿಡಿಯುವ ಗೂಟ ಅಲಿಫ್ ಅಕ್ಷರದಂತೆ ನೆಟ್ಟಗಿದೆ, ಅಲಿಫ್ ಅಂದರೆ ಅಲ್ಲಾ ಅಂತ ಒಂದು ಹಾಡು ಹೋಗುತ್ತದೆ. ನಮ್ಮ ಮನೆಗಳಲ್ಲಿ ಅದೇ ಥರದ ಕಲ್ಲಿನ ಮುಂದೆ ಕೂತು ಮಲ್ಲಯ್ಯನ ಪದ, ಬಸವಣ್ಣನ ಪದ ಹಾಡುತ್ತಿದ್ದರು. ಹಿಟ್ಟು ಅದೇ, ಕೈನೋವು ಅದೇ. ಹಾಡಿನೊಳಗಿನ ದೇವರು ಬೇರೆ. ಅದಕ್ಕೆ ಯಾರೂ ಬೀಸೋದು ನಿಲ್ಲಿಸಲಿಲ್ಲ.

ಇಂಡಿ ಕಡೆ ಹಳ್ಳಿಯಲ್ಲಿ ನಮ್ಮ ಅತ್ತೆ ಇದ್ದಾಳೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮೊಹರಂ ಬಂತೆಂದರೆ ಅಲಾಯಿ ದೇವರಿಗೆ, ಅಂದರೆ ಆಗ ಕೂಡಿಸುವ ಕೈಯಾಕಾರದ ಪಂಜಾಗಳಿಗೆ, ಸಕ್ಕರೆ ಓದಿಸಿಕೊಂಡು ಬರುತ್ತಾಳೆ, ಚೊಂಗೆ ಅನ್ನೋ ಸಿಹಿ ರೊಟ್ಟಿ ಮಾಡುತ್ತಾಳೆ. ಮಗನ ಕೊರಳಿಗೆ ಲಾಡಿ (ಹರಕೆಯ ದಾರ) ಹಾಕಿಸಿ ಫಕೀರ ಮಾಡಿದ್ದಳು, ಅವನು ಹುಟ್ಟಿದ್ದೇ ಆ ಹರಕೆಯಿಂದ ಅಂತ ಅವಳ ನಂಬಿಕೆ. ಪಂಜಾ ಪೂಜೆ ಇಸ್ಲಾಮಿನಲ್ಲಿಲ್ಲ ಅನ್ನುವ ಮೌಲ್ವಿಗಳಿದ್ದಾರೆ. ಲಿಂಗ ಕಟ್ಟಿದವರಿಗೆ ಇದು ಸಲ್ಲದು ಅನ್ನುವ ಅಯ್ಯನವರೂ ಇದ್ದಾರೆ. ಅವರವರ ಲೆಕ್ಕದಲ್ಲಿ ಇಬ್ಬರೂ ಸರಿ. 'ಅತ್ತಿ, ಅಲ್ಲಾ, ಶಿವ ಇಬ್ರೂ ಒಂದ ಏನ?' ಅಂತ ಕೇಳಿದೆ. 'ಅದು ನಂಗ್ಯಾಕೋ? ಹರಕಿ ಹೊತ್ತೀನಿ, ತೀರಸ್ತೀನಿ' ಅಂದಳು. ಎರಡೂ ಮನೆಯವರು ಬೇರೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಎರಡೂ ಮನೆಗೆ ಹೋಗುವಾಗ ಮರ್ಯಾದೆಯಿಂದ ಹೋಗುತ್ತಾಳೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಯಾವುದಾದರೊಂದು ಹಿಡಿದರೆ ಸಾಕಾ ಅಂತ. ಎಲ್ಲವೂ ಒಂದೇ ಆಗಿದ್ದರೆ ಹುಡುಕುವ ಕೆಲಸವೇ ಇರಲಿಲ್ಲ, ಹುಟ್ಟಿದ ಮನೆಯದೇ ಸಾಕಾಗುತ್ತಿತ್ತು. ಬೇರೆ ಬೇರೆ ಆಗಿರೋದರಿಂದ ಕೆಲವು ತಪ್ಪಿರಬಹುದು, ನನ್ನದೂ ಅದರಲ್ಲಿ ಇರಬಹುದು. ನೀವು ಓದುವುದಿದ್ದರೆ ಸಾರಾಂಶದ ಪುಸ್ತಕಗಳನ್ನು ಬದಿಗಿಡಿ, ಅವು ಚೂಪಾದ್ದನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿರುತ್ತವೆ. ಪರಿಚಯದ ಮುಸಲ್ಮಾನರಿದ್ದರೆ ಶಿರ್ಕ್ ಅಂದರೆ ಅಷ್ಟು ಯಾಕೆ ಹೆದರುತ್ತೀರಿ ಅಂತ ಕೇಳಿ. ಬೆಳಗಾವಿಗೆ ಹೋದರೆ ಕೋಟೆಯೊಳಗಿನ ಜೈನರ ಕಮಲ ಬಸದಿಗೆ ಹೋಗಿ, ಅಲ್ಲಿ ತಿಳಿದವರು ಸಿಕ್ಕರೆ, ವರ ಕೊಡುವ ದೇವರೇ ಇಲ್ಲ ಅಂದ ಮೇಲೆ ಪೂಜೆ ಯಾಕೆ ಅಂತ ವಿಚಾರಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 'ನಮ್ಮದೂ ನಿಮ್ಮದೂ ಒಂದೇ' ಅಂತ ಶುರು ಮಾಡಿದರೆ ಮಾತ್ರ ಮಾತು ಮುಂದಕ್ಕೆ ಹೋಗುವುದಿಲ್ಲ.