ಕಾರ್ ಬ್ಯಾಟರಿ ರಾತ್ರಿ ಕಳೆಯೋದ್ರೊಳಗೆ ಡೌನ್ ಆಗ್ತಿದೆ, ತಪ್ಪು ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ?

ಒಂದೋ ಬ್ಯಾಟರೀನೇ ಮುದಿಯಾಗಿದೆ, ಇಲ್ಲಾ ಗಾಡಿ ಆಫ್ ಆದ್ಮೇಲೂ ಏನೋ ಕರೆಂಟ್ ಕುಡೀತಿದೆ. ಸುಲಭದ ಟೆಸ್ಟ್ ಏನಂದ್ರೆ ಫುಲ್ ಚಾರ್ಜ್ ಮಾಡಿ, 12.6 ವೋಲ್ಟ್ ಆಸುಪಾಸು ಇದೆ ಅಂತ ನೋಡ್ಕೊಂಡು, ರಾತ್ರಿ ನೆಗೆಟಿವ್ ಕೇಬಲ್ ಬಿಚ್ಚಿಡಿ. ಬೆಳಿಗ್ಗೆ ವೋಲ್ಟೇಜ್ ತಾನಾಗೇ ಬಿದ್ದಿದ್ರೆ ಬ್ಯಾಟರಿ ಹೋಯ್ತು ಅಷ್ಟೆ. (ಇಂಜಿನ್ ಓಡ್ವಾಗ 14ರ ಹತ್ರ ಬರ್ದಿದ್ರೆ ಆಲ್ಟರ್ನೇಟರ್ ಚಾರ್ಜೇ ಮಾಡ್ತಿಲ್ಲ, ಅದು ಬೇರೆ ಕಥೆ.)

ಬೀಳ್ಲಿಲ್ವಾ, ಹಾಗಾದ್ರೆ ಕಳ್ಳ ಗಾಡಿಯೊಳಗೇ ಇದಾನೆ. ಮಲ್ಟಿಮೀಟರನ್ನ (ವೋಲ್ಟ್, ಕರೆಂಟ್ ಅಳೆಯೋ ಮೀಟರ್) 10 ಆಂಪ್‌ಗಿಟ್ಟು ಬಿಚ್ಚಿದ ಕೇಬಲ್‌ಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ ಸೇರ್ಸಿ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಕಾಯಿರಿ, ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗೋಕೆ ಟೈಮ್ ಬೇಕು, ಸ್ಟಾರ್ಟ್ ಮಾತ್ರ ಮಾಡ್ಬೇಡಿ ಮೀಟರ್ ಫ್ಯೂಸ್ ಹಾರುತ್ತೆ. 50 ಮಿಲಿಆಂಪ್ ಒಳಗಿದ್ರೆ ಮಾಮೂಲು, 35 ಆಂಪ್-ಅವರ್ ಬ್ಯಾಟರಿ ಖಾಲಿಯಾಗೋಕೆ ಹೆಚ್ಚುಕಮ್ಮಿ ತಿಂಗಳು ಹಿಡಿಯುತ್ತೆ. ಡಿಕ್ಕಿಯ 5 ವ್ಯಾಟ್ ಬಲ್ಬ್ ಆರದೇ ಉಳಿದ್ರೆ ಅದೇ 400 ಮಿಲಿಆಂಪ್! ಜಾಸ್ತಿ ತೋರಿಸಿದ್ರೆ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವ್ದು ಕಿತ್ತಾಗ ರೀಡಿಂಗ್ ದಬಕ್ಕಂತ ಇಳಿಯುತ್ತೋ ಆ ಲೈನ್‌ನಲ್ಲೇ ಲೀಕ್. ನಾನಾಗಿದ್ರೆ ಮೊದ್ಲು ಹೊರಗಡೆ ಹಾಕ್ಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್ ಮೇಲೇ ಅನುಮಾನ ಪಡ್ತೀನಿ.